ರಬ್ಬರ್ ಮೀನಿನ ವಾಸನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರವತ್ತೆರಡು ವರ್ಷದ ಈ ಬಾಳಿನಲ್ಲಿ ನಾನು ಒಂದು ಮೀನನ್ನೂ ಹಿಡಿದವನಲ್ಲ, ತಿಂದವನಂತೂ ಅಲ್ಲವೇ ಅಲ್ಲ. ಆದರೂ ಸಮುದ್ರದ ಮೀನಿಗೆ ಆಸೆ ತೋರಿಸುವ ರಬ್ಬರ್ ಮೀನನ್ನು ಕೊಕ್ಕೆಗೆ ಪೋಣಿಸುವುದರಲ್ಲಿ ಇಡೀ ಬಸವೇಶ್ವರನಗರದಲ್ಲಿ ನನ್ನನ್ನು ಮೀರಿಸುವವರಿಲ್ಲ. ಇಲ್ಲಿ ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ.

ಎಲ್ಲವೂ ಶುರುವಾದದ್ದು ಮೊಬೈಲಿನಿಂದ. ನಿವೃತ್ತಿಯಾದ ಮೇಲೆ ಯೋಗದ ವೀಡಿಯೊ ಹುಡುಕುತ್ತಿದ್ದವನಿಗೆ, ಬಂಡೆಯ ಮೇಲೆ ನಿಂತು ಕಡಲಿಗೆ ಗಾಳ ಎಸೆಯುವ ಒಬ್ಬ ದಡೂತಿ ಮನುಷ್ಯ ಸಿಕ್ಕಿದ. ಅವನ ಮುಖದಲ್ಲಿದ್ದ ಶಾಂತಿ ಯೋಗದ ಮೇಷ್ಟರ ಮುಖದಲ್ಲಿ ಇರಲಿಲ್ಲ. ವಾರದೊಳಗೆ ಗಾಳದ ಕೋಲು, ರೀಲು, ಎರಡು ಪ್ಯಾಕೆಟ್ ರಬ್ಬರ್ ಮೀನು ಮನೆಗೆ ಬಂದವು. ಸಮುದ್ರ ಮಾತ್ರ ಬರಲಿಲ್ಲ. ನಮ್ಮ ಬಡಾವಣೆಯಲ್ಲಿ ಉಪ್ಪುನೀರು ಎಂದರೆ ಬೋರ್‌ವೆಲ್ ನೀರು. ಅದೂ ದಿನ ಬಿಟ್ಟು ದಿನ.

ಪೋಣಿಸುವುದು ಸುಲಭವೆಂದು ತಿಳಿಯಬೇಡಿ. ಸೀಸದ ತಲೆಯ ಕೊಕ್ಕೆಯನ್ನು ಮೊದಲು ರಬ್ಬರ್ ಮೀನಿನ ಪಕ್ಕದಲ್ಲಿ ಹಿಡಿದು, ಮೊನೆ ಬೆನ್ನಿನ ಯಾವ ಜಾಗದಲ್ಲಿ ಹೊರಬರಬೇಕೆಂದು ಗುರುತು ಮಾಡಿಕೊಳ್ಳಬೇಕು. ಆಮೇಲೆ ಮೂತಿಯಿಂದ ಚುಚ್ಚಿ, ನಟ್ಟನಡುವೆ ಸಾಗಿಸಿ, ಗುರುತಿನ ಜಾಗದಲ್ಲೇ ಹೊರತೆಗೆಯಬೇಕು. ಕೂದಲೆಳೆಯಷ್ಟು ಸೊಟ್ಟಗಾದರೂ ಮೀನು ನೀರಿನಲ್ಲಿ ಈಜದೆ ಗಿರಗಿರ ಸುತ್ತುತ್ತದೆ. ನನ್ನ ಮೊದಲ ಆರು ಮೀನುಗಳಿಗೆ ಬೆನ್ನುಮೂಳೆಯ ಕಾಯಿಲೆ ಇದ್ದಂತೆ ಕಾಣುತ್ತಿತ್ತು.

ಎಳೆಯುವುದಕ್ಕೂ ಕ್ರಮವಿದೆ. ತಳ ಮುಟ್ಟುವವರೆಗೆ ಬಿಟ್ಟು, ಕೋಲಿನ ತುದಿ ಎತ್ತಿ, ರೀಲನ್ನು ಎರಡು ಸುತ್ತು ಸುತ್ತಿ ಸುಮ್ಮನಾಗಬೇಕು. ರಬ್ಬರ್ ಮೀನು ಮತ್ತೆ ಮುಳುಗುವ ಆ ಕ್ಷಣದಲ್ಲೇ ದೊಡ್ಡ ಮೀನು ಬಾಯಿ ಹಾಕುತ್ತದಂತೆ. ನಾನು ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಂತು ಎಸೆದೆ, ಎತ್ತಿದೆ, ಸುತ್ತಿದೆ, ಸುಮ್ಮನಾದೆ. ಸಿಕ್ಕಿದ್ದು ಮೊದಲ ಮಹಡಿಯ ಬಾಡಿಗೆಯವರ ಟವೆಲ್ಲು. ಬಟ್ಟೆ ತೆಗೆಯಲು ಬಂದಿದ್ದ ಆ ಮನೆಯ ಶೈಲಜಾ ಟವೆಲ್ಲನ್ನು ಬಿಡಿಸಿಕೊಂಡು, ನಗು ತಡೆದುಕೊಂಡು ಇಳಿದುಹೋದಳು. ಮಂಡಿನೋವಿನ ನನ್ನ ಹೆಂಡತಿ ವಿಮಲ ತಾರಸಿ ಹತ್ತುವುದಿಲ್ಲ. ನಾನು ಮೇಲೆ ವಾಕಿಂಗ್ ಮಾಡುತ್ತೇನೆಂದೇ ಅವಳ ನಂಬಿಕೆ.

ಶೈಲಜಾ ಮತ್ತು ಅವಳ ಗಂಡ ಸುಧಾಕರ ಕುಮಟಾ ಕಡೆಯವರು. ಮನೆ ನೋಡಲು ಬಂದಾಗ ನಾವು ಅವರ ಹೆಸರಿಗೂ ಮೊದಲು ಕೇಳಿದ್ದು, "ನೀವು ವೆಜ್ಜಾ?" ಎಂದು. ಸುಧಾಕರ, "ತಿಂತೀವಿ ಸಾರ್. ಆದ್ರೆ ಮನೇಲಿ ಮಾಡಲ್ಲ," ಎಂದಿದ್ದ. ಮನೆ ಕೊಟ್ಟೆವು. ಕೊಟ್ಟು, ನಮ್ಮಷ್ಟು ವಿಶಾಲ ಹೃದಯದವರು ಈ ರಸ್ತೆಯಲ್ಲೇ ಇಲ್ಲವೆಂದು ಬಂದ ನೆಂಟರಿಗೆಲ್ಲ ಹೇಳಿಕೊಂಡೆವು.

ಈಗ ಒಂದು ಗುಟ್ಟು. ಬಾಯಿ ಹಾಕಿದ ಮೀನು ತಕ್ಷಣ ಉಗುಳಬಾರದೆಂದು ರಬ್ಬರ್ ಮೀನುಗಳನ್ನು ಮೀನೆಣ್ಣೆಯಲ್ಲಿ ನೆನೆಸಿರುತ್ತಾರೆ. ಪ್ಯಾಕೆಟ್‌ಗಳನ್ನು ನಾನು ಬಚ್ಚಿಟ್ಟದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಅಂದರೆ ನಮ್ಮದೇ ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ. ಮೂರನೆಯ ದಿನ ವಿಮಲ ಮೂಗರಳಿಸಿದಳು.

"ರೀ, ಮೇಲ್ಗಡೆ ಮೀನು ಮಾಡ್ತಿದಾರೆ ಕಣ್ರೀ."

"ನಿಂಗೆ ಹೇಗೆ ಗೊತ್ತು?"

"ವಾಸನೆ ಗೊತ್ತಾಗಲ್ವಾ ನಂಗೆ?"

ಹುಟ್ಟಿದಾಗಿನಿಂದ ಮೀನು ಮುಟ್ಟದವರಿಗೆ ಮೀನಿನ ವಾಸನೆಯ ಬಗ್ಗೆ ಇರುವಷ್ಟು ಖಚಿತ ಜ್ಞಾನ ಮೀನುಗಾರರಿಗೂ ಇರಲಾರದು. ಆ ಕ್ಷಣವೇ ನಿಜ ಹೇಳಬಹುದಿತ್ತು. ಹೇಳಿದ್ದರೆ ರೀಲೂ ಕೋಲೂ ಸಂಜೆಯೊಳಗೆ ಗುಜರಿಗೆ ಹೋಗುತ್ತಿದ್ದವು. ಹಾಗಾಗಿ ನಾನು, "ಇರಬಹುದೇನೋ" ಎಂದೆ. ಮೂವತ್ತು ವರ್ಷ ಆಫೀಸಿನಲ್ಲಿ ಕಲಿತ ಮಾತು ಅದು. ಸುಳ್ಳಲ್ಲ, ಆದರೆ ಸುಳ್ಳು ಮಾಡುವ ಕೆಲಸವನ್ನೆಲ್ಲ ಮಾಡಿಕೊಡುತ್ತದೆ. ಹತ್ತು ದಿನ ಅದನ್ನೇ ಹೇಳಿದೆ.

ಹನ್ನೊಂದನೆಯ ದಿನ ಭಾನುವಾರ. "ಇವತ್ತು ಖಾಲಿ ಮಾಡಿ ಅಂತ ಹೇಳೇ ಬಿಡೋಣ," ಎಂದು ವಿಮಲ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ನಾನು. ಶೈಲಜಾ ಬಾಗಿಲು ತೆಗೆದಳು. ವಿಮಲ ಪೀಠಿಕೆಯಿಲ್ಲದೆ ವಿಷಯ ಹೇಳಿದಳು. ಶೈಲಜಾಳ ಮುಖ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ.

"ಒಳಗೆ ಬನ್ನಿ ಆಂಟಿ. ನೀವೇ ತೆಗೆದು ನೋಡಿ."

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ನಾಚಿ ವಾಪಸ್ ಬರುತ್ತಿದ್ದರು. ನಾವು ಮನೆಯ ಓನರುಗಳು, ಒಳಗೆ ಹೋದೆವು. ವಿಮಲ ಒಂದೊಂದೇ ಮುಚ್ಚಳ ಎತ್ತಿದಳು. ಅನ್ನ. ಹುರುಳಿಕಾಯಿ ಪಲ್ಯ. ಬೇಳೆ ಸಾರು. ಪ್ರತಿ ಮುಚ್ಚಳಕ್ಕೂ ನಾನು ಒಂದೊಂದು ಇಂಚು ಕುಗ್ಗಿದೆ. ಕೊನೆಯ ಪಾತ್ರೆಯಲ್ಲಿ ಬರೀ ಹಾಲಿತ್ತು. ಸುಧಾಕರ ಬಾಗಿಲ ಬಳಿ ಕೈಕಟ್ಟಿ ನಿಂತು ಗೋಡೆ ನೋಡುತ್ತಿದ್ದ. ನಾನು ಅವನನ್ನು ನೋಡಲಾರದೆ ಹೋದೆ.

"ನಂದು," ಎಂದೆ. "ವಾಸನೆ ನಂದು." ಎಲ್ಲವನ್ನೂ ಹೇಳಿದೆ.

ವಿಮಲ ಕೈಯಲ್ಲಿ ಹಾಲಿನ ಮುಚ್ಚಳ ಹಿಡಿದುಕೊಂಡೇ ನನ್ನನ್ನು ನೋಡಿದಳು. ಶೈಲಜಾ ಮೆಲ್ಲಗೆ ಅಂದಳು: "ನಮಗೆ ಮೊದಲ ದಿನಾನೇ ಗೊತ್ತಿತ್ತು ಅಂಕಲ್. ಟವೆಲ್ಲಿಗೂ ಅದೇ ವಾಸನೆ ಇತ್ತು. ಆಂಟಿ ನಮ್ಮನ್ನ ಅನ್ನೋದೂ ಕಿಟಕೀಲಿ ಕೇಳ್ತಿತ್ತು. ನೀವಾಗೇ ಆಂಟಿಗೆ ಹೇಳ್ತೀರಿ ಅಂತ ಕಾಯ್ತಾ ಇದ್ವಿ."

ನಾವು ಇರಿ ಇರಿ ಎಂದು ಎಷ್ಟು ಹೇಳಿದರೂ ಅವರು ಮುಂದಿನ ತಿಂಗಳು ಇದೇ ಊರಿನ ಉಲ್ಲಾಳದ ಕಡೆ ಮನೆ ಮಾಡಿದರು. ಜಗಳ ಆಡಲಿಲ್ಲ. ಹಾಲುಕ್ಕಿಸುವ ದಿನ ನಮ್ಮನ್ನೂ ಊಟಕ್ಕೆ ಕರೆದರು. ಬಡಿಸುತ್ತಾ ಶೈಲಜಾ ಹೇಳಿದಳು, "ಧೈರ್ಯವಾಗಿ ತಿನ್ನಿ ಆಂಟಿ, ನಿಮಗೋಸ್ಕರ ಹೊಸ ಕುಕ್ಕರ್ ತಂದು ಮಾಡಿದೀನಿ." ಅವಳ ಮಾತಿನಲ್ಲಿ ಕೊಂಕು ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ಅಷ್ಟು ಒಳ್ಳೆಯ ಸಾರು ಗಂಟಲಲ್ಲಿ ಇನ್ನಷ್ಟು ಸಲೀಸಾಗಿ ಇಳಿಯುತ್ತಿತ್ತು.