ಕಾಣೆಯಾದವನಿಗೆ ಎಡೆ

"ಸತ್ತೋರ್ನ ನೀವೇ ಕಣ್ಣಾರೆ ನೋಡಿದೀರಾ?"

ಕೊಡಿಗೇಹಳ್ಳಿಯಲ್ಲಿ ಬಾಡಿಗೆಗೆ ಕೋಣೆ ಕೇಳಲು ಹೋಗಿ, ಯುದ್ಧದ ವರದಿಗಾರ ಎಂದೊಡನೆ ಮನೆಯ ಯಜಮಾನ ಮುನಿಯಪ್ಪ ಹಾಕಿದ ಮೊದಲ ಪ್ರಶ್ನೆ ಇದು. ನಮ್ಮ ಧಾರವಾಡದಲ್ಲಾದರೆ ಯಾವ ಪೈಕಿ, ಲಗ್ನವಾಗಿದೆಯೇ ಎಂದು ಕೇಳುತ್ತಿದ್ದರು. ಚೀನಾ ಗಡಿಯ ಯುದ್ಧದ ವರದಿ ಮುಗಿಸಿ ಪತ್ರಿಕೆಯ ಬೆಂಗಳೂರು ಕಚೇರಿಗೆ ಆಗಷ್ಟೇ ಬಂದಿದ್ದೆ. ನೋಡಿದ್ದೇನೆ ಎಂದೆ. "ಅಂಗಾದ್ರೆ ಇಲ್ಲೇ ಇರಿ ಸ್ವಾಮಿ" ಎಂದು ಬೀಗದ ಕೈ ಕೊಟ್ಟರು. ಅವರ ಮಗ ನಂಜ ಅದೇ ಗಡಿಯಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದವನು. ಕಾಣೆಯಾಗಿದ್ದಾನೆ ಎಂದು ತಂತಿ ಬಂದಿತ್ತು, ಆಮೇಲೆ ಸುದ್ದಿಯಿಲ್ಲ.

ಜೋಳದ ರೊಟ್ಟಿ ಕಡಿದು ಬೆಳೆದ ನಾನು ರಾಗಿ ಮುದ್ದೆಯನ್ನೂ ಅಗಿಯುತ್ತಿದ್ದೆ. "ಅಯ್ಯೋ, ನುಂಗ್ಬೇಕು ಕಣಣ್ಣ!" ಎಂದು ನಂಜನ ಹೆಂಡತಿ ಗೌರಮ್ಮ ನಗುತ್ತಿದ್ದಳು. ನನ್ನ 'ಹ್ಯಾಂಗ' ಅವರಿಗೆ ತಮಾಷೆ, ಅವರ 'ಎಂಗೆ' ನನಗೆ. ಅಂತೂ ನುಂಗುವುದನ್ನು ಕಲಿತೆ.

ಕಚೇರಿಯ ಕಥೆಯೇ ಬೇರೆ. ಊರು ಬಿಟ್ಟು ಓಡಿದ ಬಾಣಂತಿಯರು, ಚಳಿಗೆ ಕಂಬಳಿಯೂ ಇಲ್ಲದ ಗಾಯಾಳುಗಳು, ಇವರ ಬಗ್ಗೆ ಬರೆದದ್ದನ್ನೆಲ್ಲ ಸಂಪಾದಕರು ಹೊಡೆದು ಹಾಕಿದ್ದರು. "ಸೈನ್ಯ ಎಲ್ಲಿದೆ ಬರೀರಿ. ಅಳು ಯಾರಿಗ್ರೀ ಬೇಕು?" ಬೇಕಾದವರು ನನ್ನ ಮನೆಯ ಜಗಲಿಯಲ್ಲೇ ಕೂತಿದ್ದರು. ನಂಜನಿಗಾಗಿ ಸೈನ್ಯದ ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆಯಿತು. ಮಾಹಿತಿ ಇಲ್ಲ ಎಂಬುದೊಂದೇ ಉತ್ತರ. ಥೂ! ಹೆಸರಿಗೆ ಯುದ್ಧದ ವರದಿಗಾರ, ಒಬ್ಬ ಮನುಷ್ಯನ ಪತ್ತೆ ಹಚ್ಚಲು ಆಗಲಿಲ್ಲ.

ಅಷ್ಟರಲ್ಲಿ ಪಿತೃಪಕ್ಷದ ಅಮಾವಾಸ್ಯೆ ಬಂತು. ಅಂದು ಸತ್ತವರಿಗೆ ಎಡೆ ಇಡುತ್ತಾರೆ: ಅವರಿಗಿಷ್ಟವಾದ ಅಡಿಗೆಯನ್ನು ಎಲೆಗೆ ಬಡಿಸಿ, ಬಟ್ಟೆಯಿಟ್ಟು, ಧೂಪ ಹಾಕುತ್ತಾರೆ. ಮುನಿಯಪ್ಪ ನಂಜನಿಗೂ ಎಲೆ ಹಾಕಿಸಿದರು. ಧೂಪ ಹಾಕಿದರೆಂದರೆ ಗೌರಮ್ಮ ವಿಧವೆ. ಅಂದೇ ಬಳೆ ಒಡೆಯಬೇಕು.

"ಅವ್ನ ಜೀವ ಅಸ್ಕೊಂಡು ಅಲೀತಿದ್ರೆ?" ಎಂದು ಮುನಿಯಪ್ಪ ನನ್ನತ್ತ ತಿರುಗಿದರು. "ನೀವು ನೋಡ್ದೋರು. ಸತ್ತವ್ನೆ ಅಂತ ಏಳ್ಬುಡಿ ಸ್ವಾಮಿ."

"ನಾ ಹ್ಯಾಂಗ ಹೇಳ್ಲಿ? ಅವನ ಹೆಣ ನೋಡಿಲ್ಲ!" ಎಂದು ರೇಗಿದೆ. ಸಂಪಾದಕರಿಂದ ಹಿಡಿದು ಸರ್ಕಾರದವರೆಗೆ ಎಲ್ಲರ ಮೇಲಿದ್ದ ಸಿಟ್ಟು ಪಾಪ ಆ ಮುದುಕನ ಮೇಲೆ ಬಿತ್ತು.

ಗೌರಮ್ಮ ಬಂದು ನನ್ನ ಕೈ ಹಿಡಿದು ನಂಜನ ಎಲೆಯ ಮುಂದೆ ಕೂರಿಸಿದಳು. "ಉಣ್ಣಣ್ಣ. ಧೂಪಕ್ಕೆ ಮುಂಚೆ ಬದುಕಿರೋರು ಉಂಡ್ರೆ ಅದು ಎಡೆ ಆಗಾಕಿಲ್ಲ."

"ಅದು ನನ್ ಮಗನ್ ಎಲೆ!" ಎಂದು ಮುನಿಯಪ್ಪ ಕೂಗಿದರು.

ಮುದ್ದೆ ಮುರಿದು ಹುರುಳಿ ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಅವಸರಕ್ಕೆ ತುತ್ತು ನೆತ್ತಿಗೇರಿ ಕೆಮ್ಮು ಬಂತು. ಮುನಿಯಪ್ಪ ಧೂಪದ ಬಟ್ಟಲು ಕೆಳಗಿಟ್ಟು, ಚೊಂಬಿನಲ್ಲಿ ನೀರು ತಂದು ಪಕ್ಕದಲ್ಲಿ ಕೂತರು.

"ನಿಧಾನಕ್ ಉಣ್ಣು ಮಗಾ" ಎಂದರು.

ಅಲ್ಲಿಂದ ಈಚೆಗೆ ಯಾವ ಗಡಿಯಲ್ಲಿದ್ದರೂ ಆ ಅಮಾವಾಸ್ಯೆಗೆ ಕೊಡಿಗೇಹಳ್ಳಿಗೆ ಬಂದು ಆ ಎಲೆಗೆ ಕೂರುತ್ತೇನೆ. ಅದೇ ದಿನ ಧಾರವಾಡದಲ್ಲಿ ನನ್ನ ಅಪ್ಪನಿಗೆ ಎಡೆ. "ಹೆತ್ತ ಅಪ್ಪನ ಎಡಿಗೂ ಬರಂಗಿಲ್ಲೇನೋ?" ಎಂದು ಅವ್ವ ಅಳುತ್ತಾಳೆ. ನಾನು ತಪ್ಪಿಸಿದ ವರ್ಷ ಇಲ್ಲಿ ಗೌರಮ್ಮನ ಬಳೆ ಒಡೆಯುತ್ತಾರೆ ಎಂದು ಅವಳಿಗೆ ಹೇಗೆ ಹೇಳಲಿ?