ರಾಯಬಾಗದ ನಾಟಕದಾಗ ಕಾಣದ ಎಮ್ಮಿ

ಗೆಳೆಯರ, ಇವತ್ತ ಸಂಜಿ ಟೀವಿ ಧಾರಾವಾಹಿ ಬಿಟ್ಟು ಮಂದಿ ರಾಯಬಾಗದ ಸಾಲಿ ಅಂಗಳಕ್ಕ ಬಂದಿದ್ದರು. ಸಣ್ಣ ನಾಟಕೋತ್ಸವ, ಪರದೆ ಇಲ್ಲ, ಸೀನರಿ ಇಲ್ಲ. ನಟಿ ಒಬ್ಬಾಕಿ ಬರೇ ಗಾಳಿಯಾಗ ಕೈ ಆಡಿಸಿ ಎಮ್ಮಿ ಹಿಂಡಾಕತ್ತಿದ್ದಳು.

ನನ್ನ ಬಾಜೂಕ ಕುಂತಿದ್ದ ಚಿಂಚಲಿಯ ದನ ಕಾಯೋ ಮುದುಕ ಎದ್ದು ನಿಂತ. "ಯವ್ವಾ, ಕರ ಬಿಡದ ಹೆಂಗ ಹಿಂಡ್ತಿ? ಮೊದಲ ಕರ ಬಿಡು!"

"ಕಾಕಾ, ಸುಮ್ನ ಕುಂದರ್ರಿ, ಇದು ನಾಟಕ ಐತಿ," ಅಂತ ನಾ ಗದರಿಸಿದೆ.

ಆಕಿ ಮಾತ್ರ ತಡವರಿಸಲಿಲ್ಲ. ಎದ್ದು ಕಾಣದ ಹಗ್ಗ ಬಿಚ್ಚಿದಳು, ಕರಕ್ಕ ಕುಡಿಸಿದಳು, ಜಗ್ಗಿ ಕಟ್ಟಿ ಮತ್ತ ಹಿಂಡಾಕ ಕುಂತಳು. ಮಂದಿ ಚಪ್ಪಾಳೆ ತಟ್ಟೇ ತಟ್ಟಿದರು.

"ಶಾಬಾಸ್! ಈಗ ಹಾಲ ಇಳೀತ ನೋಡ್ರಿ," ಅಂದ ಮುದುಕ.

ಎಷ್ಟೋ ವರ್ಷದಿಂದ ನಾಟಕ ನೋಡಿ ಅಭಿಪ್ರಾಯ ಹೇಳ್ಕೋತ ಬಂದೇನಿ. ಆ ಹಸಿದ ಕರ ನನಗ ಕಂಡಿರಲೇ ಇಲ್ಲ.