ತಮ್ಮನ ಬೋರ್ಡು, ಪೈಪಕ್ಕನ ಕಿವಿ

ಬೆಳಗಿನ ಐದೂವರೆ. ಗ್ಯಾರೇಜಿನ ಷಟರ್ ಅರ್ಧಕ್ಕೆ ಮಾತ್ರ ಮೇಲೇರಿದೆ. ಒಳಗೆ ಇಪ್ಪತ್ತಾರು ವರ್ಷ ಹಳೆಯ, ಎರಡು ಬಾಗಿಲಿನ ವೇಗದ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಐವತ್ತೊಂದರ ಹೆಂಗಸೊಬ್ಬರು ಅದರ ಮೇಲೆ ಬಗ್ಗಿ, ದಪ್ಪ ಲೋಹದ ಪೈಪಿಗೆ ಕಿವಿ ಕೊಟ್ಟು ಉಸಿರು ಬಿಗಿಹಿಡಿದಿದ್ದಾರೆ. ನಾನು ನಮಸ್ಕಾರ ಅನ್ನುತ್ತೇನೆ.

"ಶ್! ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ. ಮಾತಾಡೋದಿದ್ರೆ ರಸ್ತೆಗೆ ಹೋಗಿ."

ನಿಲ್ಲುತ್ತೇನೆ. ಅವರು ಮಗ್ಗಿನಿಂದ ಸೋಪಿನ ನೀರು ತೆಗೆದು ಪೈಪಿನ ಬೆಸುಗೆಯ ಮೇಲೆ ಬೆರಳಿನಿಂದ ಸವರುತ್ತಾರೆ. ಸಾಸಿವೆ ಗಾತ್ರದ ಒಂದೇ ಒಂದು ಗುಳ್ಳೆ ಏಳುತ್ತದೆ. "ಸಿಕ್ದೆಯಲ್ಲೋ ಕಳ್ಳ!" ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೆಯೇ ನನ್ನ ಕಡೆ ತಿರುಗುತ್ತಾರೆ. "ಈಗ ಹೇಳಿ, ಯಾರು ಬೇಕಿತ್ತು? ನನ್ನ ತಮ್ಮನಾ? ಅವನು ಎಂಟಕ್ಕೆ ಬರ್ತಾನೆ. ಸಾಹೇಬ್ರು!"

ಸುಳ್ಳು ಹೇಳಲಾರೆ, ಪತ್ರಿಕೆಯವರು ನನ್ನನ್ನು ಕಳಿಸಿದ್ದು ಆ ತಮ್ಮನ ಬಗ್ಗೆ ಬರೆಯಲಿಕ್ಕೇ. ಹಳೆಯ ಟರ್ಬೊ ಕಾರುಗಳಿಗೆ ಮರುಜೀವ ಕೊಡುವ ಮಾಂತ್ರಿಕ ಎಂದು ಊರೆಲ್ಲ ಅವರ ಹೆಸರು. ಬೋರ್ಡಿನ ಮೇಲೂ ಅವರದೇ ಹೆಸರು. ಅಕ್ಕನಿಗೆ ಗಿರಾಕಿಗಳು ಇಟ್ಟಿರುವ ಹೆಸರು ಪೈಪಕ್ಕ. ಆ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ.

"ಹೊಟ್ಟೆಕಿಚ್ಚಾಗಲ್ವಾ?" ಎಂದು ಕೇಳಿಯೇಬಿಡುತ್ತೇನೆ.

"ಆಗದೇ ಇರುತ್ತೇನ್ರೀ? ಧಗಧಗ ಅಂತ ಉರಿಯುತ್ತೆ. ಅವನ ಹೆಸರಲ್ಲಿ ಫೋನ್ ಬಂದ್ರೆ ಉರಿಯುತ್ತೆ, ಅವನ ಅಂಗಿ ಇಸ್ತ್ರಿಯಾಗಿದ್ರೂ ಉರಿಯುತ್ತೆ. ನನ್ನ ಸ್ವಂತ ತಮ್ಮ, ಎತ್ತಿ ಆಡಿಸಿದೀನಿ. ಆದ್ರೂ ಉರಿಯುತ್ತೆ."

ನನಗೆ ಈ ಹೆಂಗಸು ತಕ್ಷಣ ಹಿಡಿಸಿಬಿಡುತ್ತಾರೆ. ನನ್ನ ಪಕ್ಕದ ಮೇಜಿನವನ ಬರಹ ವಾರ ತಪ್ಪದೆ ಮುಖಪುಟದಲ್ಲಿ ಬರುತ್ತದೆ, ನನ್ನದು ರಾಶಿಫಲದ ಕೆಳಗೆ. ಹನ್ನೆರಡು ವರ್ಷದಿಂದ ಅವನಿಗೆ "ಚೆನ್ನಾಗಿತ್ತು" ಅಂತ ಹಲ್ಲು ಕಿರಿದು ಕಿರಿದು ನನ್ನ ದವಡೆ ನೋಯುತ್ತಿದೆ.

ಪೈಪಕ್ಕನ ಕೆಲಸವೇನು? ಎಂಜಿನ್ ಹೊರಹಾಕುವ ಬಿಸಿ ಹೊಗೆಯಿಂದ ಟರ್ಬೊದ ಪುಟ್ಟ ಚಕ್ರ ತಿರುಗಬೇಕು, ಅದು ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಬೇಕು. ಆಕ್ಸಿಲರೇಟರ್ ಒತ್ತಿದ ಮೇಲೆ ಆ ಗಾಳಿ ಬಂದು ಮುಟ್ಟುವವರೆಗೆ ಹಳೆಯ ಕಾರು ಪೆಚ್ಚಾಗಿ ಉರುಳುತ್ತಿರುತ್ತದೆ, ಆಮೇಲೆ ಒಮ್ಮೆಲೇ ಎಗರುತ್ತದೆ. ಈ ತಡಕ್ಕೆ ಟರ್ಬೊ ಲ್ಯಾಗ್ ಎನ್ನುತ್ತಾರೆ. ಪೈಪಕ್ಕನ ವಿವರಣೆ ಇನ್ನೂ ಸಲೀಸು. "ಊಟಕ್ಕೆ ಬನ್ನಿ ಅಂದ್ರೆ 'ಬಂದೆ ಬಂದೆ' ಅಂತ ಕೂತಲ್ಲೇ ಕೂತಿರ್ತಾರಲ್ಲ ಗಂಡಸರು, ಹಂಗೆ."

ಈ ಕಾರಿಗೆ ಮೂರನೇ ಗೇರಿನಲ್ಲಿ ಎಚ್ಚರವಾಗಲು ಎರಡೂವರೆ ಸೆಕೆಂಡ್ ಬೇಕಿತ್ತು. ಹಿಂದಿನ ಮಾಲೀಕರು ಯಾರೋ ಶೋಕಿಗೆ ಉದ್ದುದ್ದ ಪೈಪು ಎಳೆಸಿದ್ದರು. ಪೈಪಕ್ಕ ಅದನ್ನೆಲ್ಲ ಕತ್ತರಿಸಿ, ಮೂರೂವರೆ ಮೀಟರ್ ದಾರಿಯನ್ನು ಎರಡು ಮೀಟರಿಗೂ ಕಡಿಮೆಗೆ ಇಳಿಸಿದ್ದಾರೆ. ಟರ್ಬೊಗೆ ಹೊಗೆ ಒಯ್ಯುವ ಕಬ್ಬಿಣದ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಅದನ್ನು ಬೆಸೆದಿದ್ದಾರೆ. ಬಿಸಿ ಆರದಿರಲೆಂದು ಅದಕ್ಕೆ ಶಾಖ ತಡೆಯುವ ಪಟ್ಟಿ ಸುತ್ತಿದ್ದಾರೆ. ಹತ್ತೊಂಬತ್ತು ದಿನದ ಕೆಲಸ, ಪೈಪು ಬಿಗಿಯುವ ಮೂವತ್ತನಾಲ್ಕು ಕ್ಲಾಂಪು. ಪ್ರತಿದಿನ ಬೆಳಗ್ಗೆ ರಸ್ತೆ ಏಳುವ ಮುಂಚೆ ಪೈಪಿಗೆ ಗಾಳಿ ತುಂಬಿ ಕಿವಿಗೊಡುತ್ತಾರೆ. ಕಂಪ್ರೆಸರ್ ಸದ್ದು ಅಡ್ಡ ಬರಬಾರದೆಂದು ಅದರ ಟ್ಯಾಂಕನ್ನು ಹಿಂದಿನ ದಿನವೇ ತುಂಬಿಸಿಟ್ಟಿರುತ್ತಾರೆ. "ಒಂದು ಬಸ್ ಹೋಯ್ತು ಅಂದ್ರೆ ಸೋರೋದು ಕೇಳ್ಸಲ್ಲ. ಕಂಪ್ಯೂಟರ್‌ಗೂ ಕಾಣ್ಸಲ್ಲ ಅದು. ಅವನ ಕಂಪ್ಯೂಟರ್‌ಗಂತೂ ಕಾಣ್ಸೋದೇ ಇಲ್ಲ!"

ಅವರ ತಂದೆ ಸೈಲೆನ್ಸರ್ ಬೆಸೆಯುತ್ತಿದ್ದವರು. ಮಕ್ಕಳಿಬ್ಬರಿಗೂ ಕೈ ಕುದುರಿತ್ತು. ಎರಡು ವರ್ಷದ ಎಂಜಿನ್ ಕೋರ್ಸಿಗೆ ಒಬ್ಬರನ್ನೇ ಕಳಿಸಲು ಸಾಧ್ಯವಿದ್ದಾಗ ಹೋದದ್ದು ತಮ್ಮ. "ಅಪ್ಪ ನನ್ನ ಕೇಳಲೂ ಇಲ್ಲ. 'ನೀನು ಹೆಂಗೂ ಕಲ್ತಿದೀಯಲ್ಲ' ಅಂದ್ರು. ಕಲ್ತಿದ್ದೇ ತಪ್ಪಾಯ್ತು ನೋಡಿ." ಗುರುತು ಹಾಕಿದ ಜಾಗವನ್ನು ಉಜ್ಜುತ್ತ ಉಜ್ಜುತ್ತ ಹೇಳುತ್ತಾರೆ, ಕೈ ನಿಲ್ಲುವುದಿಲ್ಲ. ಉಜ್ಜಿದ ಮೇಲೆ ಅಲ್ಲಿಗೆ ಹೊಸ ಬೆಸುಗೆ ಹಾಕಿ ಸೋರಿಕೆ ಮುಚ್ಚುತ್ತಾರೆ.

ಎಂಟಕ್ಕೆ ತಮ್ಮ ಬರುತ್ತಾರೆ. ಅಂಗಿ ಇಸ್ತ್ರಿಯಾಗಿಯೇ ಇದೆ. ಒಳ್ಳೆಯ ಮನುಷ್ಯ, ಅದೇ ತೊಂದರೆ. ನನಗೆ ಕುರ್ಚಿ ಹಾಕಿ, "ತಿಂಡಿ ಆಯ್ತಾ ಅಕ್ಕ?" ಎಂದು ಕೇಳಿ, ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿ ಕೂರುತ್ತಾರೆ. ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂಬ ಲೆಕ್ಕವನ್ನು ಹೊಸ ಪೈಪಿಗೆ ಹೊಂದಿಸುವುದು ಅವರ ಕೆಲಸ. ಅದಕ್ಕೆ ಮ್ಯಾಪಿಂಗ್ ಎಂದು ಹೆಸರು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಪೈಪಕ್ಕ ಗಡಿಯಾರ ನೋಡುತ್ತಲೇ ಇರುತ್ತಾರೆ.

ಕಾರಿನ ಮಾಲೀಕರಾದ ಹಲ್ಲಿನ ಡಾಕ್ಟರು ಬಂದು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತು ಹೊಡೆಯಲು ಹೊರಡುತ್ತಾರೆ. ಇವತ್ತು ಡಾಕ್ಟರಿಗೆ ಒಪ್ಪಿಗೆಯಾದರೆ ಅವರ ಹಳೆ ಕಾರುಗಳ ಕ್ಲಬ್ಬಿನ ಹನ್ನೊಂದು ಗಾಡಿಗಳೂ ಇಲ್ಲಿಗೇ. ಇಲ್ಲದಿದ್ದರೆ ಈ ಬಾಗಿಲಿಗೆ ಅವರು ಮತ್ತೆ ಬರುವುದಿಲ್ಲ. ಹೋದ ವರ್ಷ ಇದೇ ಕಾರು ಇಲ್ಲಿಂದ ಹೋಗಿ ನಡುರಸ್ತೆಯಲ್ಲಿ ಹೊಗೆ ಕಾರಿ ನಿಂತಿತ್ತು.

"ಏನಾಗಿತ್ತು?" ಎನ್ನುತ್ತೇನೆ. ಪೈಪಕ್ಕ ಗೇಟಿನ ಕಂಬಕ್ಕೆ ಒರಗಿ ರಸ್ತೆ ನೋಡುತ್ತಾರೆ.

"ನಾನೇ ಮಾಡಿದ್ದು. ಟರ್ಬೊ ಪಕ್ಕ ಒಂದು ಸಣ್ಣ ಬಾಗಿಲಿರುತ್ತೆ. ಒತ್ತಡ ಜಾಸ್ತಿಯಾದ್ರೆ ತೆರ್ಕೊಂಡು ಹೊಗೆ ಆಚೆ ಬಿಡುತ್ತೆ. ಅದನ್ನ ಹಿಡಿದಿರೋ ಕಡ್ಡಿ ಬಿಗಿ ಮಾಡಿದ್ರೆ ಗಾಳಿ ಬೇಗ ಬರುತ್ತೆ. ತಮ್ಮ ಅದನ್ನ ಕೂರಿಸಿ, ನಟ್ ಮೇಲೆ ಬಿಳಿ ಗೆರೆ ಎಳೆದಿದ್ದ. ಗೆರೆ ಇದೆ ಅಂದ್ರೆ ಯಾರೂ ಮುಟ್ಟಬಾರದು ಅಂತ. ಅವನು ಮನೆಗೆ ಹೋದ್ಮೇಲೆ ನಾನು ಮೂರು ಸುತ್ತು ಬಿಗಿ ಮಾಡ್ದೆ. ನನ್ನ ಕೈ ಅವನ ಕೈಗಿಂತ ಮೇಲು ಅಂತ ತೋರಿಸ್ಬೇಕಿತ್ತು."

ಗಾಳಿ ಬೇಗವೇ ಬಂತು, ಆದರೆ ಮಿತಿ ಮೀರಿ ಬಂತು. ಎಂಜಿನ್ನಿನ ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟುಹೋಯಿತು. ಗೆರೆ ಜರುಗಿದ್ದನ್ನು ನೋಡಿದ ತಮ್ಮನಿಗೆ ಯಾರ ಕೈವಾಡವೆಂದು ಗೊತ್ತಾಯಿತು. ಡಾಕ್ಟರ ಮುಂದೆ ಮಾತ್ರ, "ನನ್ನ ಮ್ಯಾಪಿಂಗ್ ತಪ್ಪಾಯ್ತು, ಕ್ಷಮಿಸಿ" ಎಂದುಬಿಟ್ಟರಂತೆ.

"ಒಳ್ಳೇತನ ಅಲ್ವಾ ಅದು?" ಎನ್ನುತ್ತೇನೆ.

"ಒಳ್ಳೇತನಕ್ಕಿಷ್ಟು ಬೆಂಕಿ ಹಾಕ! ಹೊಗಳಿಕೆ ಎಲ್ಲಾ ಅವನಿಗೇ. ಸರಿ, ಅನುಭವಿಸ್ಲಿ. ಆ ಬೈಗುಳಾನೂ ಅವನೇ ಎತ್ಕೊಂಡು ಹೋದ್ನಲ್ರೀ! ಅದನ್ನಾದ್ರೂ ನನಗೆ ಬಿಡಬಾರದಿತ್ತಾ?" ಅವರ ಕಣ್ಣು ತುಂಬಿದೆ. ಸೆರಗಿನಲ್ಲಿ ಗ್ರೀಸ್ ಒರೆಸಿಕೊಂಡಂತೆ ಮಾಡಿ ಮುಖ ಒರೆಸಿಕೊಳ್ಳುತ್ತಾರೆ.

ಕಾರು ವಾಪಸ್ಸಾಗುತ್ತದೆ. ಡಾಕ್ಟರು ಇಳಿಯುವ ಮೊದಲೇ ಕೂಗುತ್ತಿದ್ದಾರೆ. "ಒಂದೇ ಸೆಕೆಂಡು ರೀ! ಕಾಲಿಟ್ಟೆ, ಹೊರಟ್ತು!" ತಮ್ಮನ ಬೆನ್ನು ತಟ್ಟುತ್ತಾರೆ. "ಹೋದ ವರ್ಷ ನೀವೇ ಕೆಡಿಸಿದ್ರಿ, ಈ ವರ್ಷ ನೀವೇ ಸರಿ ಮಾಡಿದ್ರಿ. ಎಲ್ಲಾ ಮರೆತೆ."

"ಮರೀಬೇಡಿ ಡಾಕ್ಟ್ರೇ," ಎನ್ನುತ್ತಾರೆ ಪೈಪಕ್ಕ.

"ಅಕ್ಕಾ, ಬಿಡು ಈಗ," ಎಂದು ತಮ್ಮ ಪಿಸುಗುಡುತ್ತಾರೆ.

"ನೀನು ಸುಮ್ನಿರೋ! ಹೋದ ವರ್ಷ ನೀನು ಬಾಯಿ ಹಾಕಿದ್ದೇ ಸಾಕು. ಡಾಕ್ಟ್ರೇ, ಅವನ ಮ್ಯಾಪಿಂಗ್ ಸರಿಯಾಗೇ ಇತ್ತು. ಅವನು ಗೆರೆ ಎಳೆದ ನಟ್ಟನ್ನ ತಿರುಗಿಸಿದ್ದು ನಾನು. ಹೊಟ್ಟೆಕಿಚ್ಚಿಗೆ ತಿರುಗಿಸ್ದೆ. ನಿಮ್ಮ ಗಾಡಿ ಹಾಳು ಮಾಡಿದ್ದು ನಾನು."

ಡಾಕ್ಟರ ಮುಖ ಗಂಟಾಗುತ್ತದೆ. ಬಾನೆಟ್ ಎತ್ತಿ, ಬಗ್ಗಿ, ಗಾಳಿ ಪೈಪಿನ ಬೆಸುಗೆಯ ಮೇಲೆ ಬೆರಳಾಡಿಸುತ್ತಾರೆ. ನೂರಾರು ಬಾಯಿಗಳ ಒಳಗೆ ಸಣ್ಣ ಕೆಲಸ ಮಾಡಿದ ಬೆರಳು, ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ಕೇಳುತ್ತಾರೆ, "ಹಾಗಾದ್ರೆ ಇದು ಯಾರದು?"

"ಅದೂ ನಂದೇ."

"ಇಷ್ಟು ವರ್ಷ ಇಲ್ಲಿಗೆ ಬರ್ತಿದೀನಿ. ಯಾರೂ ಹೇಳ್ಲೇ ಇಲ್ಲ."

"ನೀವು ಕೇಳ್ಲಿಲ್ಲ."

ಡಾಕ್ಟರು ಬಾನೆಟ್ ಇಳಿಸಿ ಕಾರಿನ ಬೀಗದ ಕೈಯನ್ನು ಪೈಪಕ್ಕನ ಮಸಿಗೈಯಲ್ಲಿ ಇಡುತ್ತಾರೆ. "ಇನ್ಮೇಲೆ ಈ ಗಾಡಿ ನಿಮ್ಮ ಕೈಗೇ. ಕ್ಲಬ್ಬಿನವರಿಗೆ ನಿಮ್ಮನ್ನೇ ಕೇಳೋಕೆ ಹೇಳ್ತೀನಿ. ಆದ್ರೆ ಗೆರೆ ಎಳೆದ ನಟ್ ಮುಟ್ಟೋ ಹಾಗಿಲ್ಲ."

"ಮುಟ್ಟಲ್ಲ. ಅದು ಅವನ ಕೆಲಸ. ಅವನು ಚೆನ್ನಾಗಿ ಮಾಡ್ತಾನೆ," ಎನ್ನುತ್ತಾರೆ ಪೈಪಕ್ಕ. ತಮ್ಮ ಬೆರಗಾಗಿ ಅಕ್ಕನನ್ನೇ ನೋಡುತ್ತಾರೆ. ಐವತ್ತೊಂದು ವರ್ಷದಲ್ಲಿ ಈ ಬಾಯಿಂದ ಇಂಥ ಮಾತು ಇದೇ ಮೊದಲಿರಬೇಕು.

ಹೊರಡುವಾಗ, ಪೇಪರಿನಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ಅವರು ತಮ್ಮನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾರೆ.

"ಇದ್ದದ್ದು ಇದ್ದ ಹಾಗೆ ಬರೀರಿ. ಅವನ ಫೋಟೋನೂ ಹಾಕಿ, ಬೇಡ ಅನ್ನಲ್ಲ. ನನ್ನದಕ್ಕಿಂತ ಒಂಚೂರು ಚಿಕ್ಕದು ಹಾಕಿ."